ಶುಕ್ರವಾರದ ನಾಗಸಾಕಿ

ಆ ದಿನ ಬೆಳಗ್ಗೆ ಕುವೈತಿಗೆ ಸೂರ್ಯ ಬರಲಿಲ್ಲ, ಧೂಳು ಬಂತು. ಮರುಭೂಮಿಯೇ ಎದ್ದು ನಡೆದು ಬಂದು ಮಿರ್ಕಾಬಿನ ಬೀದಿಗಳಲ್ಲಿ, ಕಾರುಗಳ ಮೇಲೆ, ಖರ್ಜೂರದ ಗರಿಗಳ ಮೇಲೆ ಕೂತುಬಿಟ್ಟಂತಿತ್ತು. ಎದುರಿನ ಕಟ್ಟಡ ಕೂಡ ಬರಿಯ ಹಳದಿ ನೆರಳು. ದೇವರು ಒಮ್ಮೊಮ್ಮೆ ಹೀಗೆ ದೂರದ್ದನ್ನೆಲ್ಲ ಮುಚ್ಚಿಡುತ್ತಾನೆ, ಹತ್ತಿರದ್ದನ್ನಾದರೂ ಸರಿಯಾಗಿ ನೋಡಲಿ ಎಂದು.

ವೆಲಿಟಾ ಹತ್ತಿರದ್ದನ್ನು ನೋಡಿದಳು. ಅವಳು ಕೆಲಸ ಮಾಡುವ ಟ್ರಾವೆಲ್ ಆಫೀಸಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವನು ಆಲ್‌ಸ್ಟನ್. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ರಾತ್ರಿಪಾಳಿ ಮುಗಿಸಿ ನೇರ ಬಂದಿರಬೇಕು. ಹುಬ್ಬಿನ ಮೇಲೂ ಧೂಳು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಒರೆಸಿದಷ್ಟೂ ಅದು ಇನ್ನೂ ಮಂಕಾಗುತ್ತಿತ್ತು.

ಇಷ್ಟು ಸಣ್ಣ ಕೆಲಸವೂ ಬಾರದವನು, ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಅವಳಿಗೆ ಹಿತವಾಗಿತ್ತು.

ಮೂರು ವರ್ಷದ ಹಿಂದೆ ಇಬ್ಬರಿಗೂ ಸಂಬಂಧದ ಮಾತು ನಡೆದಿತ್ತು. ಮಂಗಳೂರು ಕಡೆಯ ಅವರ ಕ್ರೈಸ್ತ ಮನೆಗಳಲ್ಲಿ ಹುಡುಗಿಯ ಫೋಟೊ ಹುಡುಗನ ಮನೆಗೆ ಹೋಗುತ್ತದೆ. ಒಪ್ಪಿಗೆಯಾದರೆ ಅಲ್ಲೇ ಉಳಿಯುತ್ತದೆ, ಇಲ್ಲವಾದರೆ ಮರ್ಯಾದೆಯಿಂದ ಹಿಂದಿರುಗುತ್ತದೆ. ಅದು ಹಿಂದಿರುಗುವ ತನಕ ಹುಡುಗಿಯ ತಾಯಿ ಬೇರೆಯವರಿಗೆ ಮಾತು ಕೊಡುವುದಿಲ್ಲ. ವೆಲಿಟಾಳ ಫೋಟೊ ಹೋಯಿತು. ಹೌದು ಎಂದೂ ಬರಲಿಲ್ಲ, ಫೋಟೊವೂ ಬರಲಿಲ್ಲ. ಈಸ್ಟರ್ ಕಳೆಯಿತು, ಕ್ರಿಸ್ಮಸ್ ಕಳೆಯಿತು. ಊರಿನಲ್ಲಿ ಅವಳ ಅಮ್ಮ ಪೋಸ್ಟ್‌ಮ್ಯಾನಿನ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿ ಜಪಸರ ಹಿಡಿದುಕೊಂಡೇ ಗೇಟಿನ ತನಕ ಬರುತ್ತಿದ್ದರು.

"ಕೂತ್ಕೊಳ್ಳಿ," ಎಂದಳು ವೆಲಿಟಾ, ಕನ್ನಡದಲ್ಲಿ. ಇಬ್ಬರ ಮನೆಮಾತೂ ಕೊಂಕಣಿ. ಆದರೆ ಕೊಂಕಣಿ ಆಡಿದರೆ ಸಲುಗೆ. ಸಲುಗೆಯನ್ನು ಅವಳು ಕೊಡುವವಳಲ್ಲ.

ಅವನೂ ತಲೆತಗ್ಗಿಸಿ ಕನ್ನಡಕ್ಕೇ ಬಂದ. "ಜಪಾನಿಗೆ ಹೋಗ್ಲಿಕ್ಕುಂಟು. ಹಳೇ ಹಳೇ ಊರುಗಳು. ಒಂದು ವಾರ. ಇಬ್ಬರಿಗೆ."

ಇಬ್ಬರಿಗೆ. ಅವಳ ಬೆರಳು ಕೀಬೋರ್ಡಿನ ಮೇಲೆ ಒಂದು ಗಳಿಗೆ ನಿಂತಿತು.

"ಯಾವ ಯಾವ ಊರು?"

ಅವನು ಬೆರಳು ಮಡಿಸುತ್ತ ಹೇಳಿದ. ಶನಿವಾರ ಕ್ಯೋಟೋ. ಭಾನುವಾರ ಹಿಮೆಜಿಯ ಬಿಳಿ ಕೋಟೆ. ಆಮೇಲೆ ನಾರಾ, ಕನಜಾವಾ, ಹಿರೋಶಿಮಾ. ಕೊನೆಗೆ ಶುಕ್ರವಾರ ನಾಗಸಾಕಿ.

"ನೋಡ್ಲಿಕ್ಕೆ ಹೋಗುವುದಾ, ಮುಟ್ಟಿ ಓಡಿ ಬರ್ಲಿಕ್ಕಾ?" ಅವಳು ತುಟಿಯ ಅಂಚಿನಲ್ಲಿ ನಕ್ಕಳು. "ಕನಜಾವಾ ಒಂದು ಮೂಲೆ, ಹಿರೋಶಿಮಾ ಒಂದು ಮೂಲೆ. ಫೇಸ್‌ಬುಕ್ಕಿಗೆ ಫೋಟೊ ಹಾಕ್ಲಿಕ್ಕೆ ಇಷ್ಟು ದೂರ ಯಾಕೆ? ಅಬು ಹಲೀಫಾದ ಕಡಲ ಬದಿಯಲ್ಲಿ ನಿಂತ್ರೂ ಲೈಕ್ ಬರ್ತದೆ."

"ನಾರಾದಲ್ಲಿ ಜಿಂಕೆಗಳು ಬಿಸ್ಕೆಟ್ ಕೊಟ್ರೆ ತಲೆ ಬಗ್ಗಿಸಿ ನಮಸ್ಕಾರ ಮಾಡ್ತವಂತೆ," ಎಂದ ಅವನು ಮೆಲ್ಲಗೆ.

"ಮೃಗಗಳಿಗಾದ್ರೂ ಮರ್ಯಾದೆ ಉಂಟಲ್ಲ. ಸಂತೋಷ."

ಪಕ್ಕದ ಮೇಜಿನಲ್ಲಿ ಟಿಕೆಟ್ ನೋಡಿಕೊಳ್ಳುವ ಶಬೀರ್ ಚಹಾ ಕುಡಿಯುತ್ತಿದ್ದವನು ಕೆಮ್ಮಿದ. ಧೂಳಿಗೆ ಹೆದರಿ ಬೇರೆ ಗಿರಾಕಿಗಳು ಯಾರೂ ಬಂದಿರಲಿಲ್ಲ.

"ಎರಡನೇ ಪ್ಯಾಸೆಂಜರಿನ ಹೆಸ್ರು?" ಎಂದಳು ವೆಲಿಟಾ.

"ಅದು... ಇನ್ನೂ ಕೇಳಿಲ್ಲ."

"ಹೆಸ್ರು ಕೇಳಿಲ್ವಾ?"

"ಬರ್ತೀರಾ ಅಂತ ಕೇಳಿಲ್ಲ."

"ಪಾಪ, ಅವಳ ಪುಣ್ಯ. ಫೋಟೊವಾದ್ರೂ ಇಟ್ಕೊಂಡಿದ್ದೀರಾ?"

ಧೂಳಿನಡಿಯಲ್ಲೂ ಅವನ ಕಿವಿ ಕೆಂಪಾದದ್ದು ಕಂಡಿತು. "ಉಂಟು," ಎಂದ.

ಅವಳು ಮುಖವನ್ನು ಸ್ಕ್ರೀನಿಗೆ ತಿರುಗಿಸಿದಳು. ಸಿಟ್ಟು ಬಂದಾಗ ಅವಳ ಕೆಲಸ ಬಹಳ ಚೊಕ್ಕ. ಹೋಟೆಲುಗಳನ್ನು ಬದಲಿಸಿದಳು, ಬುಲೆಟ್ ಟ್ರೈನುಗಳ ವೇಳೆ ಹೊಂದಿಸಿದಳು. ಕ್ಯೋಟೋದ ಒಂದು ದೇವಾಲಯದ ಮರಳಿನ ತೋಟದಲ್ಲಿ ಹದಿನೈದು ಕಲ್ಲುಗಳಿವೆ, ಎಲ್ಲಿ ಕೂತರೂ ಒಂದು ಕಲ್ಲು ಕಣ್ಣಿಗೆ ತಪ್ಪುತ್ತದೆ. ಅದಕ್ಕೊಂದು ಬೆಳಗ್ಗೆ ಬಿಟ್ಟಳು. ಅವನು ಬಿಡದ ಒಂದು ಕೋರಿಕೆ ನಾಗಸಾಕಿಯದು: ಅಲ್ಲಿಯ ಹಳೇ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಪೂಜೆಗೆ ಕೂರಬೇಕು. ಶುಕ್ರವಾರ ಬೆಳಗ್ಗೆ ಪೂಜೆ ಎಂದು ಅವಳೇ ದಪ್ಪಕ್ಷರದಲ್ಲಿ ಹಾಕಿ ಪ್ರಿಂಟ್ ಕೊಟ್ಟಳು.

ಪ್ರಿಂಟರಿನ ಹತ್ತಿರ ಇದ್ದವನು ಶಬೀರ್. ಕಾಗದ ತೆಗೆದು ಓದಿದ. ಇನ್ನೊಮ್ಮೆ ಓದಿದ.

"ವೆಲಿಟಕ್ಕಾ, ಜಪಾನಿನಲ್ಲಿ ನಿಮ್ಮ ಪೂಜೆ ಶುಕ್ರವಾರವಾ? ಅದು ನಮ್ಮ ಜುಮ್ಮಾ ನಮಾಜಿನ ದಿನ ಅಲ್ವಾ?"

ಕುವೈತಿನಲ್ಲಿ ಭಾನುವಾರ ಆಫೀಸು, ರಜೆ ಶುಕ್ರವಾರ. ಹಾಗಾಗಿ ಇಲ್ಲಿಯ ಕ್ರೈಸ್ತರೆಲ್ಲ ವಾರದ ಪೂಜೆಗೆ ಶುಕ್ರವಾರವೇ ಹೋಗುತ್ತಾರೆ. ವರ್ಷಗಟ್ಟಲೆ ಹೋಗಿ ಹೋಗಿ, ಲೋಕಕ್ಕೆಲ್ಲ ಶುಕ್ರವಾರವೇ ಭಾನುವಾರ ಎಂದು ಇಬ್ಬರ ಮೈಗೂ ಒಗ್ಗಿಹೋಗಿತ್ತು. ದೇವರ ದಿನ ಅವನು ಕೋಟೆ ನೋಡಲು ಹೊರಟಿದ್ದ. ಅವಳು ಅದಕ್ಕೆ ಟ್ರೈನು ಹೊಂದಿಸಿದ್ದಳು.

"ಭಾನುವಾರ ಕೋಟೆಗೆ, ಶುಕ್ರವಾರ ಖಾಲಿ ಇಗರ್ಜಿಗೆ! ಯಲ್ಲಾ, ಚಂದದ ಜೋಡಿ!" ಶಬೀರ್ ನಗುತ್ತ ಕಪ್ಪು ತೊಳೆಯಲು ಒಳಗೆ ಹೋದ.

ವೆಲಿಟಾಳಿಗೆ ನಗು ಬಂತು. ತಡೆದಳು. ಆಲ್‌ಸ್ಟನ್ ತಡೆಯಲಿಲ್ಲ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವನ ಬರಿಗಣ್ಣನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಾನೂ ಮಾಡಿದ ತಪ್ಪನ್ನೇ ಮಾಡಿದ ಮನುಷ್ಯನನ್ನು ಮೇಲಿನಿಂದ ನೋಡುವುದು ಕಷ್ಟ.

"ಮೂರು ವರ್ಷ," ಎಂದಳು ಸಣ್ಣ ದನಿಯಲ್ಲಿ. "ಯಾಕೆ ವಾಪಸ್ ಕೊಡ್ಲಿಲ್ಲ?"

"ಅಮ್ಮನಿಗೆ ನರ್ಸ್ ಹುಡುಗಿ ಬೇಕಿತ್ತು. ಫೋಟೊ ಕಳಿಸಿಬಿಡು ಅಂದ್ರು. ಅವರಿಗೆ ಎದುರು ಹೇಳುವ ಧೈರ್ಯ ಇರ್ಲಿಲ್ಲ. ಆದ್ರೆ ಫೋಟೊ ಕಳಿಸಿದ್ರೆ ಖಲಾಸ್ ಅಲ್ವಾ? ಅದಕ್ಕೆ ಕಳಿಸ್ಲಿಲ್ಲ."

"ಹೇಡಿ."

"ಹೌದು. ಈ ಸಲ ಊರಿಗೆ ಹೋದಾಗ ಅಮ್ಮನ ಮುಂದೆ ಕೂತು ಹೇಳಿದೆ. ಮಾಡಿದ್ರೆ ಈ ಹುಡುಗಿ, ಇಲ್ಲದಿದ್ರೆ ಯಾರೂ ಬೇಡ ಅಂತ. ಮತ್ತೆ ಇಲ್ಲಿಗೆ ಬರ್ಲಿಕ್ಕೆ ಒಂದು ನೆಪ ಬೇಕಿತ್ತು."

"ನೆಪಕ್ಕೆ ಜಪಾನೇ ಬೇಕಾಯ್ತಾ? ನೇರ ಇಲ್ಲಿಗೆ ಬರ್ಲಿಕ್ಕೆ ಬಸ್ಸು ಇರ್ಲಿಲ್ವಾ?" ಅವಳ ದನಿ ಮತ್ತೆ ಹರಿತವಾಯಿತು. "ಆ ನಾಗಸಾಕಿಯ ಕ್ರೈಸ್ತರು ಸರ್ಕಾರದ ನಿಷೇಧಕ್ಕೆ ಹೆದರಿ ನಂಬಿಕೆಯನ್ನು ಬಚ್ಚಿಟ್ಟು, ಪಾದ್ರಿಗಳೇ ಇಲ್ಲದೆ ಇನ್ನೂರು ವರ್ಷದ ಮೇಲೆ ಕಾದ್ರು. ಅವರು ಕಾದದ್ದು ದೇವರಿಗೆ. ನನ್ನಮ್ಮ ಗೇಟಿನಲ್ಲಿ ಕಾದದ್ದು ನಿಮ್ಮಂಥವರಿಗೆ. ಅಮ್ಮನ ಹತ್ರ ಇನ್ನೂರು ವರ್ಷ ಇರ್ಲಿಲ್ಲ."

ಅವನು ಸಬೂಬು ಹೇಳಿದ್ದರೆ ಅವಳು ಎದ್ದುಹೋಗುತ್ತಿದ್ದಳು. ತಲೆ ಬಗ್ಗಿಸಿ ಕೂತೇ ಇದ್ದ, ನಾರಾದ ಜಿಂಕೆಯ ಹಾಗೆ, ಬಿಸ್ಕೆಟ್ಟಿನ ಆಸೆಯೂ ಇಲ್ಲದೆ.

ಅವಳು ಕೀಬೋರ್ಡು ಹತ್ತಿರ ಎಳೆದುಕೊಂಡಳು. ಇಡೀ ವಾರವನ್ನು ಹಿಂದುಮುಂದು ಮಾಡಿದಳು. ಮೊದಲು ನಾಗಸಾಕಿ, ಭಾನುವಾರದ ಪೂಜೆ. ಅಲ್ಲಿಂದ ಹಿರೋಶಿಮಾ, ಹಿಮೆಜಿ, ನಾರಾ, ಕ್ಯೋಟೋ. ಕನಜಾವಾವನ್ನು ಅಳಿಸಿದಳು. ಎಲ್ಲವನ್ನೂ ಒಂದೇ ಸಲ ನೋಡಿ ಮುಗಿಸುವ ಆತುರ ಅವಳಿಗೆ ಯಾವತ್ತೂ ಇರಲಿಲ್ಲ.

"ವೀಸಾಕ್ಕೆ ಹೊಸ ಫೋಟೊ ಬೇಕು. ಬಿಳಿ ಬ್ಯಾಕ್‌ಗ್ರೌಂಡ್. ನಿಮ್ಮ ಹತ್ರ ಇರುವ ನೀಲಿ ಬಣ್ಣದ್ದು ನಡೆಯುವುದಿಲ್ಲ."

"ಯಾರ ಫೋಟೊ?"

ಅವಳು ಹಣೆ ಚಚ್ಚಿಕೊಂಡಳು. "ಇವನನ್ನು ರಿಫೈನರಿಯಲ್ಲಿ ಹೇಗೆ ಇಟ್ಕೊಂಡಿದ್ದಾರೋ ದೇವರೇ!"

ಆಮೇಲೆ, ಆ ಬೆಳಗಿನಲ್ಲಿ ಮೊದಲ ಸಲ, ಕೊಂಕಣಿಯಲ್ಲಿ ಹೇಳಿದಳು. ಅದು ಅಡುಗೆಮನೆಯ ಮಾತು, ಪ್ರಾರ್ಥನೆಯ ಮಾತು. "ಮೊದಲು ನಿನ್ನ ಅಮ್ಮ ನನ್ನ ಅಮ್ಮನ ಗೇಟಿನ ತನಕ ನಡೆದು ಬರಲಿ. ಆಮೇಲೆ ಊರಿನ ಇಗರ್ಜಿ. ಆಮೇಲೆ ನಾಗಸಾಕಿ. ಆ ಫೋಟೊ ನನ್ನ ಅಮ್ಮನಿಗೆ ಸೇರಬೇಕಾದದ್ದು, ನಿನ್ನ ಅಮ್ಮ ಅದನ್ನು ಅವರ ಕೈಯಿಂದಲೇ ಮತ್ತೆ ಕೇಳಿ ಪಡೆಯಲಿ. ಈಗಲೇ ಕೊಡು."

ಹೊರಗೆ ಗಾಳಿ ಇಳಿಯುತ್ತಿತ್ತು. ಎದುರಿನ ಕಟ್ಟಡದ ಕಿಟಕಿಗಳು ಒಂದೊಂದಾಗಿ ಕಾಣತೊಡಗಿದವು.

ಆಲ್‌ಸ್ಟನ್ ಎದ್ದು ನಿಂತ. ಪ್ಯಾಂಟಿಗೆ ಕೈಗಳನ್ನು ಚೆನ್ನಾಗಿ ಒರೆಸಿಕೊಂಡ. ಪರ್ಸಿನ ಒಳಮಡಿಕೆಯಿಂದ ಫೋಟೊ ತೆಗೆದು, ಅದರ ಮುಖವನ್ನು ಅವಳ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟ.