ಮೂರು ಆಲ್ಬಂ ಎತ್ತರದ ಮಿಸ್

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ದೊಡ್ಡವರ ಗಾದೆ. ದೀಪವೇ ಬುಡಕ್ಕಿಳಿದರೆ ದೆವ್ವ ಎನ್ನುವುದು ಚೋಟಿಯ ಗಾದೆ. ಇದು ನಡೆದ ಕತೆ, ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಸ್ಟೂಲನ್ನೇ ಕೇಳಿ.

"ಕತ್ತು ನೆಟ್ಟಗಿಟ್ಕೋ. ನೀನೀಗ ಚೋಟಿ ಅಲ್ಲ, ಗಿರಾಕಿ," ಎಂದ ಮಾಮ.

ಚೋಟಿ ಗಿರಾಕಿಯಂತೆ ಮುಖ ಬಿಗಿದು ಕೂತಳು. ಭಾನುವಾರದ ರಜೆ ಬಂತೆಂದರೆ ಮಾಮನ ಫೋಟೋ ಸ್ಟುಡಿಯೋದಲ್ಲಿ ಅವಳಿಗೆ ಇದೇ ಕೆಲಸ. ಗಿರಾಕಿ ಬರುವ ಮೊದಲೇ ಮಾಮ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಮುಖದ ಮಟ್ಟ ನೋಡಿಕೊಂಡು ಲೈಟ್ ಹೊಂದಿಸುತ್ತಿದ್ದ. "ಗಿರಾಕಿ ಕೂತ್ಮೇಲೆ ಲೈಟ್ ಎಳೆದಾಡ್ತಾ ಇದ್ರೆ, ಅವರ ನಗು ಎದ್ದು ಮನೆಗೆ ಹೋಗಿಬಿಡುತ್ತೆ" ಎನ್ನುವುದು ಅವನ ವಾದ.

ಚೋಟಿಯೋ ಹೆಸರಿಗೆ ತಕ್ಕ ಹಾಗೆ ಚೋಟುದ್ದ. ಅದಕ್ಕೆಂದೇ ಇಟ್ಟಿಗೆಯಷ್ಟು ದಪ್ಪದ ಹಳೇ ಆಲ್ಬಂಗಳಿದ್ದವು. ಕುಳ್ಳ ಗಿರಾಕಿಗೆ ಒಂದು ಆಲ್ಬಂ, ಸಾಧಾರಣ ಎತ್ತರಕ್ಕೆ ಎರಡು, ಉದ್ದದವರಿಗೆ ಮೂರು. ಅವುಗಳ ಮೇಲೆ ಕೂತರೆ ಅವಳ ತಲೆ ಗಿರಾಕಿಯ ತಲೆಯ ಮಟ್ಟಕ್ಕೆ ಬರುತ್ತಿತ್ತು.

"ಇವತ್ತು ಬರೋದು ನಿಮ್ಮ ಮ್ಯಾಥ್ಸ್ ಮಿಸ್ ಅಂತೆ. ನಾನು ನೋಡಿಲ್ಲ, ಫೋನಲ್ಲಿ ಮಾತಾಡಿದ್ದಷ್ಟೆ. ಎಷ್ಟು ಆಲ್ಬಂ?"

ಮ್ಯಾಥ್ಸ್ ಮಿಸ್ ಅಂದರೆ ಕ್ಲಾಸಿನವರ ಬಾಯಲ್ಲಿ ಗುಡುಗು ಮಿಸ್, ಬೋರ್ಡಿನ ಮೇಲ್ತುದಿಗೆ ಆರಾಮಾಗಿ ಬರೆಯುವವರು. ಮೂರು ಆಲ್ಬಂ ಗ್ಯಾರಂಟಿ. ಆದರೆ ಚೋಟಿಗೆ ಶುಕ್ರವಾರ ನೆನಪಾಯಿತು.

ಅವತ್ತು ಮಿಸ್ ಬರುವ ಮೊದಲು ಅವಳು ಬಾಗಿಲ ಹಿಂದೆ ನಿಂತು, "ಕೈ ಕಟ್ಟಿ, ಬಾಯಿ ಮುಚ್ಚಿ, ಮಗ್ಗಿ ಹೇಳಿ" ಎಂದು ಮಿಸ್ ದನಿಯಲ್ಲೇ ಗುಡುಗಿದ್ದಳು. ಬಾಯಿ ಮುಚ್ಚಿಕೊಂಡು ಮಗ್ಗಿ ಹೇಳುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಇಡೀ ಕ್ಲಾಸು ಎದ್ದು ನಿಂತು ಹದಿಮೂರರ ಮಗ್ಗಿ ಶುರು ಮಾಡಿತ್ತು. ನಿಜವಾದ ಮಿಸ್ ಬಂದು, ಹದಿಮೂರು ಹತ್ತಲ ನೂರಾಮೂವತ್ತರ ತನಕ ಕೇಳಿ, ಆಮೇಲೆ ಚೋಟಿಯನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಪೂರ್ತಿ ಪೀರಿಯಡ್.

"ಒಂದೂ ಬೇಡ ಮಾಮ. ಮಿಸ್ ನನ್ನಷ್ಟೇ," ಎಂದಳು ಚೋಟಿ.

ಮಾಮ ಅವಳ ಹಣೆಗಿಂತ ನಾಲ್ಕು ಬೆರಳು ಮೇಲೆ ಲೈಟ್ ನಿಲ್ಲಿಸಿ ತಿರುಪು ಬಿಗಿದ.

ಅಷ್ಟರಲ್ಲಿ ಬಾಗಿಲಿಗೆ ತಲೆ ತಾಕದಂತೆ ಬಗ್ಗಿ ಮಿಸ್ ಒಳಗೆ ಬಂದರು. ಮಾಮ ಮೇಲೆ ನೋಡಿದ. ಇನ್ನೂ ಮೇಲೆ ನೋಡಿದ.

"ಎಲ್ಲಿ ಕೂತ್ಕೋಬೇಕು?" ಮಿಸ್ ಕೇಳಿದ್ದಷ್ಟೆ, ಹಿಂದಿನ ಪರದೆ ಅಲ್ಲಾಡಿದಂತಾಯಿತು.

"ಅಲ್ಲಿ ಮಿಸ್," ಎಂದ ಮಾಮ. ಅವನ ಕೈ ತಾನಾಗೇ ಕಟ್ಟಿಕೊಂಡಿತ್ತು. ಗಡಿಬಿಡಿಯಲ್ಲಿ ಕ್ಯಾಮೆರಾ ಎತ್ತರಿಸಿದ, ಲೈಟ್ ಮರೆತೇಬಿಟ್ಟ. ಅದು ಫ್ಲ್ಯಾಶ್ ಲೈಟ್. ಕ್ಲಿಕ್ ಎಂದಾಗ ಮಾತ್ರ ಕಣ್ಣು ಮಿಟುಕಿಸುವಂಥದ್ದು. ಹಾಗಾಗಿ ಬೆಳಕು ಎಲ್ಲಿ ಬೀಳುತ್ತದೆಂದು ಮೊದಲೇ ಕಾಣುವಂತಿರಲಿಲ್ಲ.

ಚೋಟಿ ಪರದೆಯ ಪಕ್ಕ ನಿಂತು ತುಟಿ ಕಚ್ಚಿ ನಗು ತಡೆದಳು.

"ಒಂದು ಮಾತು," ಎಂದರು ಮಿಸ್, ಕ್ಲಾಸಿನಲ್ಲಿ ಯಾವತ್ತೂ ಬಾರದ ಸಣ್ಣ ದನಿಯಲ್ಲಿ. "ನಂಗೆ ಎಂಟು ತಿಂಗಳ ಮೊಮ್ಮಗಳಿದಾಳೆ. ಎಲ್ಲರನ್ನೂ ನೋಡಿ ನಗ್ತಾಳೆ. ವಿಡಿಯೋ ಕಾಲಲ್ಲಿ ನನ್ನ ಮುಖ ಕಂಡ್ರೆ ಮಾತ್ರ ಕಿಟಾರಂತ ಕಿರುಚ್ತಾಳೆ. ಮುಂದಿನ ವಾರ ಮೊದಲನೇ ಸಲ ನೋಡೋಕೆ ಹೋಗ್ತಿದೀನಿ. ಅಷ್ಟರೊಳಗೆ ಒಂದು ಫೋಟೋ ಕಳಿಸಿ, ತೊಟ್ಟಿಲ ಹತ್ತಿರ ಅಂಟಿಸೋಕೆ ಹೇಳಿದ್ರೆ ರೂಢಿ ಆಗಬಹುದೇನೋ ಅಂತ. ಸ್ವಲ್ಪ ಮಗು ಹೆದರದ ಹಾಗೆ ತೆಗೀರಿ."

ಚೋಟಿ ನಗು ಮರೆತು ಒಂದು ಹೆಜ್ಜೆ ಮುಂದೆ ಬಂದಳು.

"ಮಾಮ, ತಡಿ..."

"ಶ್," ಎಂದ ಮಾಮ. ಕ್ಲಿಕ್.

ಫೋಟೋ ಪಕ್ಕದ ದೊಡ್ಡ ಸ್ಕ್ರೀನಿನಲ್ಲಿ ಮೂಡಿತು. ಬೆಳಕು ಗದ್ದದ ಕೆಳಗಿನಿಂದ ಹತ್ತಿತ್ತು. ಮೂಗಿನ ನೆರಳು ಹಣೆಗೆ ಏಣಿ ಹಾಕಿತ್ತು. ಕಣ್ಣಿದ್ದ ಕಡೆ ಎರಡು ಗುಂಡಿ. ಹುಬ್ಬಿನ ನೆರಳು ಥೇಟು ಕೋಡು. ಮಿಸ್ ಪಾಪ, ಅದರಲ್ಲಿ ನಗುತ್ತಿದ್ದರು. ಅದೇ ಇನ್ನೂ ಭಯಂಕರವಾಗಿತ್ತು.

"ತಪ್ಪು ನಂದೇ ಮಿಸ್," ಚೋಟಿ ಅಳು ನುಂಗಿಕೊಂಡು ಹೇಳಿದಳು. "ನೀವು ಕುಳ್ಳಗಿದೀರಿ ಅಂತ ಸುಳ್ಳು ಹೇಳ್ದೆ. ಬೆಂಚ್ ಮೇಲೆ ನಿಲ್ಸಿದ್ರಲ್ಲ, ಅದಕ್ಕೆ. ಲೈಟ್ ಕೆಳಗಾಯ್ತು."

ಮಿಸ್ ಕೇಳಿಸಿಕೊಂಡಂತೆ ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ಸ್ಕ್ರೀನಿನ ಹತ್ತಿರ ಬಗ್ಗಿದರು.

"ಈ ಮುಖ ನಾನು ನೋಡಿದೀನಿ," ಎಂದರು ಮೆಲ್ಲಗೆ. "ಕಾಲ್ ಮಾಡ್ದಾಗ ಫೋನಿನ ಮೂಲೇಲಿ ಕಾಣುತ್ತಲ್ಲ, ಅದೇ."

"ಕಾಲ್ ಮಾಡ್ವಾಗ ಲೈಟ್ ಎಲ್ಲಿರುತ್ತೆ ಮಿಸ್?" ಕೇಳಿದಳು ಚೋಟಿ.

"ಟೇಬಲ್ ಲ್ಯಾಂಪು. ಮಗೂಗೆ ಅಜ್ಜಿ ಚೆನ್ನಾಗಿ ಕಾಣ್ಲಿ ಅಂತ ಗದ್ದದ ಕೆಳಗೇ..."

ಮಿಸ್ ಭುಜ ಕುಣಿಯತೊಡಗಿತು. ಮಾಮ ಗಾಬರಿಯಿಂದ ನೀರಿನ ಬಾಟಲಿ ಹುಡುಕಿದ. ನೀರು ಬೇಕಿರಲಿಲ್ಲ, ಮಿಸ್ ನಗುತ್ತಿದ್ದರು.

ಯಾರೂ ಹೇಳದೆಯೇ ಚೋಟಿ ಮೂರು ಆಲ್ಬಂ ಹೊತ್ತು ತಂದು ಸ್ಟೂಲಿನ ಮೇಲಿಟ್ಟು, ಹತ್ತಿ ಕೂತಳು. ಮಾಮ ಲೈಟನ್ನು ಮೇಲಕ್ಕೆ ಏರಿಸಿ, ಒಂದು ಪಕ್ಕಕ್ಕೆ ಸರಿಸಿ, ಬೆಳಕು ಮೆತ್ತಗಾಗಲೆಂದು ಮುಂದೆ ಬಿಳಿ ಬಟ್ಟೆ ಕಟ್ಟಿದ. ಮಿಸ್ ಮತ್ತೆ ಕೂತಾಗ, ಗದ್ದದ ಕೆಳಗಿನ ನೆರಳು ತಿಳಿಯಾಗಲೆಂದು ಚೋಟಿ ಬಿಳಿ ಥರ್ಮಾಕೋಲ್ ಹಲಗೆ ಹಿಡಿದು ಹತ್ತಿರ ನಿಂತಳು.

ಮಿಸ್ ಎಡಗೆನ್ನೆಯಲ್ಲಿ ಒಂದು ಗುಳಿ ಇತ್ತು. ಚೋಟಿ ಕಣ್ಣರಳಿಸಿ ನೋಡಿದಳು. ಶುಕ್ರವಾರ ಬೆಂಚಿನ ಮೇಲೆ ನಿಂತು ಇದೇ ಮುಖವನ್ನು ನಲವತ್ತು ನಿಮಿಷ ನೋಡಿದ್ದಳು. ಆದರೆ ಅಲ್ಲಿ ಮಿಸ್ ಬೆನ್ನ ಹಿಂದೆ ದೊಡ್ಡ ಕಿಟಕಿಯಿತ್ತು. ಕಂಡದ್ದು ಬರೀ ಒಂದು ಕಪ್ಪು ಆಕಾರ, ಕೇಳಿದ್ದು ಒಂದು ಗುಡುಗು.

ಕ್ಲಿಕ್. ಈ ಸಲ ಸ್ಕ್ರೀನಿನಲ್ಲಿ ಒಬ್ಬರು ಅಜ್ಜಿ ಇದ್ದರು.

"ಆ ಮೊದಲನೇದನ್ನ ಅಳಿಸಿಬಿಡ್ತೀನಿ ಮಿಸ್," ಎಂದ ಮಾಮ.

"ಅಳಿಸಬೇಡಿ. ದೊಡ್ಡದಾಗಿ ಪ್ರಿಂಟ್ ಹಾಕಿ. ನಾನು ಊರಿಗೆ ಹೋದಾಗ ಕ್ಲಾಸಲ್ಲಿ ನನ್ನ ಬದಲು ಅದೇ ಇರ್ಲಿ. ಮುಖ ಅದರದ್ದು." ಮಿಸ್ ಚೋಟಿಯ ಕಡೆ ತಿರುಗಿದರು. "ದನಿ ಇವಳದ್ದು. ಎಲ್ಲಿ, ಒಂದ್ಸಲ ಹೇಳು ನೋಡೋಣ."

ಚೋಟಿ ಮಾಮನ ಮುಖ ನೋಡಿದಳು. ಮಾಮ ಚಾವಣಿ ನೋಡಿದ.

"ಕೈ ಕಟ್ಟಿ, ಬಾಯಿ ಮುಚ್ಚಿ, ಮಗ್ಗಿ ಹೇಳಿ," ಎಂದಳು ಚೋಟಿ, ಹೆದರಿಕೊಂಡೇ, ಆದರೆ ಥೇಟು ಮಿಸ್ ದನಿಯಲ್ಲಿ.

ಮಾಮ ಕಿಸಕ್ಕನೆ ನಕ್ಕ. ಚೋಟಿಯೂ ನಕ್ಕಳು. ಆದರೆ ಎರಡೂ ಕೇಳಿಸಲಿಲ್ಲ. ಸ್ಟೂಲಿನ ಮೇಲಿಂದ ಬಂದ ನಗುವಿನ ಗುಡುಗಿನಲ್ಲಿ ಮುಳುಗಿಹೋದವು.