ಬಣ್ಣ ಹಚ್ಚಿದವರ ಹೆಸರು

ಮಾಡದ ತಪ್ಪಿಗೆ ಬೈಸಿಕೊಳ್ಳುವುದು ನನ್ನಿಂದಾಗದು. ನಮ್ಮ ನಾಟಕ ತಂಡದಲ್ಲಿ ಒಂದು ಪದ್ಧತಿಯಿದೆ. ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ಯಾರನ್ನೂ ಸ್ವಂತ ಹೆಸರಿನಿಂದ ಕರೆಯಬಾರದು, ಪಾತ್ರದ ಹೆಸರಿನಿಂದಲೇ ಕರೆಯಬೇಕು. ಆಟ ನಡೆಯುವಾಗ ಕಲಾವಿದರನ್ನು ರಂಗಕ್ಕೆ ಕರೆಯುವುದು ಮ್ಯಾನೇಜರಾದ ನನ್ನ ಕೆಲಸ. ನಾನು ಒಮ್ಮೆಯೂ ತಪ್ಪಿದವನಲ್ಲ.

ಶಿಡ್ಲಘಟ್ಟದಲ್ಲಿ, ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಫಿಲೇಚರ್ ಆಗಿದ್ದ ಶೆಡ್ಡಿನಲ್ಲಿ ನಾಟಕವಿತ್ತು. ರಾಣಿಯ ಪಾತ್ರದ ಶಾಂಭವಿ ಮೊದಲ ದಿನವೇ ನನ್ನ ಮೇಲೆ ರೇಗಿದಳು. "ಬಣ್ಣ ಹಚ್ಕೊಂಡ್ ಮೇಲೆ 'ಶಾಂಭವಿ, ಬಾಮ್ಮ' ಅಂತ ಯಾಕ್ ಸಾರ್ ಕರೀತೀರಾ?"

"ನಾನೆಲ್ಲಮ್ಮ ಕರ್ದೆ? ಯಾವನೋ ನನ್ನ ದನಿ ಅಣಕಿಸ್ತಾವ್ನೆ!"

ಮರುದಿನವೂ ಅದೇ ದೂರು. ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ತಂಡವನ್ನು ನಿಲ್ಲಿಸಿಕೊಂಡು ಎಷ್ಟು ಕೂಗಾಡಿದೆನೆಂದರೆ, ಗಂಟಲು ಕಟ್ಟಿ ಪಿಸುಮಾತೂ ಹೊರಡದಂತಾಯಿತು.

ಭಾನುವಾರ ಮಧ್ಯಾಹ್ನದ ಆಟ. ನನ್ನ ದನಿ ಇನ್ನೂ ಬಂದಿರಲಿಲ್ಲ. ಎಲ್ಲರನ್ನೂ ಬಣ್ಣದ ಕೋಣೆಯಿಂದ ಹೊರಗಟ್ಟಿ ನಾನೇ ಬೀಗ ಹಾಕಿದೆ. ಅದ್ಯಾವನು ಕರೆಯುತ್ತಾನೋ ನೋಡಿಯೇಬಿಡೋಣ ಎಂದು ಬಾಗಿಲೆದುರೇ ನಿಂತೆ. ಬಣ್ಣ ಹಚ್ಚಿಕೊಂಡಿದ್ದ ಶಾಂಭವಿ ನನ್ನ ಪಕ್ಕದಲ್ಲಿದ್ದಳು. ಬಾಗಿಲ ಕೆಳಗಿನಿಂದ ಬಿಸಿ ಹಬೆ ಬಂದು ಪಾದಕ್ಕೆ ತಗುಲಿತು. ಗೂಡು ಬೇಯಿಸುವ ವಾಸನೆ. ಆ ಶೆಡ್ಡಿನ ಒಲೆ ಕಿತ್ತುಹಾಕಿ ವರ್ಷಗಳೇ ಆಗಿದ್ದವು.

"ಶಾಂಭವಿ, ಬಾಮ್ಮ." ಒಳಗಿನಿಂದ, ನನ್ನದೇ ದನಿ.

ಸಿಟ್ಟಿನಲ್ಲಿ ಬಾಗಿಲಿಗೆ ಒದೆಯಲು ಕಾಲೆತ್ತಿದೆ. ಅಷ್ಟರಲ್ಲಿ ಒಳಗಿನಿಂದಲೇ ಉತ್ತರ ಬಂತು. "ಬಂದೆ ಸಾರ್."

ಅದು ಶಾಂಭವಿಯ ದನಿ. ಶಾಂಭವಿ ನನ್ನ ತೋಳು ಹಿಡಿದು, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.