ಚಾಲು ಅಂದ ಮಾತು

ಬೆಳಿಗ್ಗೆ ಏಳು ಗಂಟೆಗೆ ಮೊಳಕಾಲ್ಮೂರು ಬೆಟ್ಟದ ಇಳಿಜಾರಿನಲ್ಲಿ ಸೈಕಲ್ಲೊಂದು ಜಾರಿ ಬಿತ್ತು. ಅದು ೧೯೧೧ನೇ ಇಸವಿ. ಆ ಸೀಮೆಯಲ್ಲಿ ಸೈಕಲ್ ಕಂಡವರೇ ಕಡಿಮೆ. ಅದು ಬೀಳುವುದನ್ನು ಕಂಡವಳು ಯರ್ರಮ್ಮ ಒಬ್ಬಳೇ.

ರಸ್ತೆ ಪಕ್ಕ ಜಲ್ಲಿ ಒಡೆಯುತ್ತಿದ್ದವಳು ಸುತ್ತಿಗೆ ಬಿಟ್ಟು ಓಡಿಬಂದಳು.

"ಅಯ್ಯೋ! ಪೆಟ್ಟಾಯ್ತಾ?"

ಬಿದ್ದವನು ತರಚಿದ ಮೊಣಕೈ ನೋಡಿಕೊಳ್ಳಲಿಲ್ಲ. ಅವಳನ್ನೇ ನೋಡಿದ.

"ಜಲ್ಲಿ ಇಷ್ಟು ದಪ್ಪಕ್ಕೆ ಒಡೆದೋರು ಯಾರು?"

"ನಾನೇ. ಎತ್ತಿನ ಗಾಡಿಗೆ ಇಷ್ಟು ಸಾಕು."

"ಗಾಡಿಗೂ ಎರಡೇ ಗಾಲಿ ಅಲ್ವಾ?"

"ಅವು ಅಕ್ಕಪಕ್ಕ ಅವೆ. ನಿಮ್ದು ಹಿಂದೆ ಮುಂದೆ!"

ಅವನು ನಕ್ಕುಬಿಟ್ಟ. ಅವಳಿಗೂ ನಗು ತಡೆಯಲಾಗಲಿಲ್ಲ.

ಅವನು ಚಳ್ಳಕೆರೆಯ ಬೋರಣ್ಣ, ರಸ್ತೆ ಗುತ್ತಿಗೆದಾರರ ಮೇಸ್ತ್ರಿ. ಬೆಟ್ಟದ ಸುತ್ತಲಿನ ಯಾವ ದಾರಿಗೆ ಎಲ್ಲಿ ಜಲ್ಲಿ ಬೇಕೆಂದು ಸೈಕಲ್ ಮೇಲೆ ನೋಡಿ ಬರುವುದು ಅವನ ಕೆಲಸ. ರಾಂಪುರಕ್ಕೆ ಹೋಗಲು ಬಯಲಿನ ದಾರಿ ಸಲೀಸಾಗಿತ್ತು. ಆದರೂ ಅವತ್ತಿನಿಂದ ಅವನು ಬೆಟ್ಟದ ಜಲ್ಲಿದಾರಿಯನ್ನೇ ಹಿಡಿದ. ಏರು ಬಂದಾಗ ಏದುಸಿರು ಬಿಡುತ್ತ ಸೈಕಲ್ ತಳ್ಳುತ್ತಿದ್ದ.

"ನೀವು ಅದರ ಮೇಲೆ ಕೂರೋದು ಯಾವಾಗ?" ಎಂದು ಯರ್ರಮ್ಮ ಕೆಣಕುತ್ತಿದ್ದಳು. ಅವನು ಬಾರದ ದಿನ ಅವಳಿಗೆ ಮಧ್ಯಾಹ್ನವೇ ಆಗುತ್ತಿರಲಿಲ್ಲ.

ಇಬ್ಬರದೂ ಒಂದೇ ಕುಲ, ಮನೆತನದ ಬೆಡಗು ಮಾತ್ರ ಬೇರೆ. ಮದುವೆಗೆ ಅಡ್ಡಿಯೇನೂ ಇರಲಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಬೋರಣ್ಣ ಹೋಗಿದ್ದ. ಹುಡುಗನ ಮನೆಯವರ ಮನಸ್ಸು ತಿಳಿದು ಬರಲಿ ಎಂದು ಅವಳಪ್ಪ ಪೆದ್ದಣ್ಣ ತನ್ನ ತಮ್ಮ ಕಾಟಪ್ಪನನ್ನು ಚಳ್ಳಕೆರೆ ಸಂತೆಗೆ ಕಳಿಸಿದ.

ಕಾಟಪ್ಪ ಮುಖ ಸಪ್ಪೆ ಮಾಡಿಕೊಂಡು ಬಂದ.

"ಮದುವೆ ವಿಷಯ ಏನಾಯ್ತಪ್ಪಾ ಅಂತ ಬೋರಣ್ಣನ್ನೇ ಕೇಳ್ದೆ, ಅಣ್ಣಾ. 'ಮಾತು ಚಾಲು, ಮಾವಾ!' ಅಂತ ಕೂಗಿ ಸೈಕಲ್ ಹತ್ತಿ ಹೋದ."

ಪೆದ್ದಣ್ಣನ ಮನೆಮಾತು ತೆಲುಗು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಆ ಮನೆಯಲ್ಲಿ ಯಾರಿಗೂ ಬೇರೆ ಅರ್ಥ ಹೊಳೆಯಲಿಲ್ಲ.

"ಚಾಲಾ? ಮಾಕೂ ಚಾಲು! ನಮಗೂ ಸಾಕು!" ಎಂದು ಪೆದ್ದಣ್ಣ ಗುಡುಗಿದ. ಹಿಂದೆಯೇ ಹೆಣ್ಣು ಕೇಳಿದ್ದ ದೇವಸಮುದ್ರದವರಿಗೆ, ಸೋಮವಾರ ನಿಶ್ಚಯದ ವೀಳ್ಯ ತನ್ನಿ ಎಂದು ಹೇಳಿಕಳಿಸಿದ.

ಯರ್ರಮ್ಮ ಊಟದ ತಟ್ಟೆ ದೂರ ತಳ್ಳಿದಳು. 'ಸಾಕು ಅನ್ನೋಕೆ ನಾನೇನು ಎರಡನೇ ಸಲ ಬಡಿಸಿದ ಮುದ್ದೆನಾ...?'

ಸೋಮವಾರ ಬೆಳಿಗ್ಗೆ ಸೈಕಲ್ ಬಂತು. ಅವಳು ತಲೆ ಎತ್ತಲಿಲ್ಲ. ಸುತ್ತಿಗೆ ಜೋರಾಗಿ ಬೀಳುತ್ತಿತ್ತು.

"ಯರ್ರಮ್ಮಾ..."

"ದಾರಿ ಆ ಕಡೆ ಐತೆ. ಹೋಗ್ರಿ."

"ನಾಳಿದ್ದು ಅವ್ವ ಬರ್ತಾಳೆ. ಹೇಳೋಕೆ ಬಂದೆ."

"ಸಾಕು ಅಂದಮೇಲೆ ಬರೋದ್ಯಾಕೆ?"

"ನಾನ್ಯಾವಾಗ ಸಾಕು ಅಂದೆ?"

"ಚಿಕ್ಕಪ್ಪಂಗೆ ಚಾಲು ಅಂದ್ರಲ್ಲ!"

"ಹೌದು, ಅಂದೆ. ಮನೇಲಿ ಮಾತು ನಡೀತಾ ಐತೆ ಅಂತ!"

ಸುತ್ತಿಗೆ ನಿಂತಿತು.

"ನಡೀತಾ... ಐತೆ ಅಂತಲಾ?"

"ನಮ್ಮ ಸಂತೇಲಿ ಎಲ್ರೂ ಹಂಗೇ ಅನ್ನೋದು. ಗಾಣ ಚಾಲು, ಯಾಪಾರ ಚಾಲು..."

ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಮರುಕ್ಷಣವೇ ಗಾಬರಿಯಾಯಿತು.

"ಅಯ್ಯೋ! ಇವತ್ತು ದೇವಸಮುದ್ರದೋರು ವೀಳ್ಯ ತರ್ತಾರೆ! ಬರ್ರಿ, ಅಪ್ಪಂಗೆ ಹೇಳಣ!"

ಎಲ್ಲ ಕೇಳಿದ ಪೆದ್ದಣ್ಣ ಹಣೆ ಚಚ್ಚಿಕೊಂಡ.

"ಲೇ ಕಾಟಾ! ಅರ್ಧ ಮಾತು ತಂದೋನು ನೀನು. ಅವರು ಬಂಡಿ ಕಟ್ಟೋಕೆ ಮುಂಚೆ ಹೋಗಿ ಕೈ ಮುಗಿ."

"ನಾನು ನಡೆದು ಅಲ್ಲಿ ಮುಟ್ಟೋ ಹೊತ್ತಿಗೆ ಅವರು ಇಲ್ಲಿರ್ತಾರೆ, ಅಣ್ಣಾ!"

"ಹತ್ರಿ, ಮಾವ," ಎಂದು ಬೋರಣ್ಣ ಸೈಕಲ್ ತಿರುಗಿಸಿದ.

"ನಿಧಾನ ಕಣಪ್ಪಾ, ಹೆಂಡ್ರು ಮಕ್ಕಳವ್ರೆ!" ಕಾಟಪ್ಪನ ಕೂಗು ಇಳಿಜಾರಿನಲ್ಲಿ ಬಹಳ ದೂರ ಕೇಳಿಸಿತು.

ಹೊತ್ತು ಇಳಿದಾಗ ಇಬ್ಬರೂ ಧೂಳು ಮೆತ್ತಿಕೊಂಡು ಬಂದರು. ಯರ್ರಮ್ಮ ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಏನಂದ್ರು?"

"ಮೊದ್ಲು ಬೈದ್ರು. ಆಮೇಲೆ ನಕ್ಕು ಮಜ್ಜಿಗೆ ಕೊಟ್ರು."

ಅವಳು ಉಸಿರುಬಿಟ್ಟಳು. ಬೆಳಗಿನಿಂದ ಅದು ಎದೆಯಲ್ಲೇ ನಿಂತಂತಿತ್ತು.

"ಹೆದರಿದ್ಯಾ?" ಬೋರಣ್ಣನ ದನಿ ಮೆತ್ತಗಾಯಿತು.

"ಹೂಂ... ಇನ್ಮೇಲೆ ಏನಿದ್ರೂ ನನ್ನ ಹತ್ರಾನೇ ಹೇಳ್ರಿ. ಯಾರ ಕೈಲೂ ಹೇಳಿ ಕಳಿಸ್ಬೇಡ್ರಿ."

"ಹಂಗಾದ್ರೆ ಈಗ್ಲೇ ಹೇಳ್ತೀನಿ. ನೀನಿಲ್ದೆ ನಂಗಾಗಲ್ಲ."

"ಕೇಳಿಸ್ತು," ಎಂದು ಅವಳು ಚೊಂಬು ಅವನ ಕೈಗಿಟ್ಟಳು. "ನಂಗೂ ಅಷ್ಟೇ."

ಬುಧವಾರ ಬೋರಣ್ಣನ ಅವ್ವ ಸಿದ್ದಕ್ಕ ಬಂಡಿಯಲ್ಲಿ ಬಂದಳು. ಅಂದೇ ಎರಡು ಮನೆಯವರೂ ವೀಳ್ಯ ಬದಲಾಯಿಸಿಕೊಂಡು ಮದುವೆ ಗೊತ್ತುಮಾಡಿದರು.